ಆಚೆಮನೆಯ ಟರ್ಕಿ ಹುಂಜನಿಗೆ ಒಂದು ಬಹಿರಂಗ ಪತ್ರ

ಕೋಡಿಂಬಾಳ, ಕಡಬ ತಾಲೂಕು

ಆಚೆಮನೆಯ ಶ್ರೀ ಟರ್ಕಿ ಹುಂಜ ಮಹಾಶಯರಿಗೆ ಈಚೆಮನೆಯವನ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಸ್ವಲ್ಪ ಸಂಶಯ ಇರುವುದರಿಂದ ಈ ಪತ್ರ. ಗುಟ್ಟಾಗಿಯೇ ಹೇಳಬಹುದಿತ್ತು. ಆದರೆ ನೀವು ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವವರು, ನಿಮ್ಮ ಯಜಮಾನರಾದ ಭಾವ ಪೂರ್ತಿ ಕೇಳಿಸಿಕೊಂಡೂ ಉತ್ತರ ಕೊಡದವರು. ಬಹಿರಂಗವಾಗಿ ಬರೆದರೆ ಕಡಬ ಪೇಟೆಯ ಕ್ಷೌರದಂಗಡಿಯಲ್ಲೋ ಸೊಸೈಟಿಯ ಜಗಲಿಯಲ್ಲೋ ಯಾರಾದರೂ ಓದಿ ಭಾವನ ಕಿವಿಗೆ ಮುಟ್ಟಿಸಿಯಾರು ಎಂಬ ಆಸೆ. ನಮ್ಮ ಕಡೆ ಬೇಲಿಯಾಚೆಯಿಂದ ಕೂಗಿ ಹೇಳಿದ ಮಾತಿಗೆ ಬೆಲೆಯಿಲ್ಲ. ಅದೇ ಮಾತು ಪೇಟೆ ಸುತ್ತಿ ಬಂದರೆ ಬೆಲೆ ಉಂಟು.

ಮೊದಲು ಸ್ವಾಗತದ ಮಾತು. ತಾವು ಇಬ್ಬರು ಪತ್ನಿಯರ ಸಮೇತ ರಿಕ್ಷಾದ ಹಿಂದಿನ ಸೀಟಿನಲ್ಲಿ, ಗೋಣಿಚೀಲದ ತೂತಿನಿಂದ ತಲೆ ಮಾತ್ರ ಹೊರಗಿಟ್ಟುಕೊಂಡು ಊರಿಗೆ ಬಂದಿರಿ. ಆ ಸ್ಥಿತಿಯಲ್ಲೂ ತಮ್ಮ ಮುಖದಲ್ಲಿ ಒಂದು ಗತ್ತಿತ್ತು. ಈಗ ಬೆಳಕು ಹರಿದರೆ ಸಾಕು, ಭಾವನ ಅಂಗಳದಲ್ಲಿ ಬಾಲ ಬಿಚ್ಚಿ ನಿಲ್ಲುತ್ತೀರಿ. ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಚರ್ರ್ ಎನ್ನುತ್ತದೆ. ಎದೆಯಿಂದ ಜೋಲುವ ಒರಟು ಕೂದಲಿನ ಕುಚ್ಚು ಅಲ್ಲಾಡುತ್ತದೆ. ಕತ್ತಿನ ಗಂಟುಗಳು ಕೆಂಪಾಗಿ, ಕೆನ್ನೆ ನೀಲಿಯಾಗಿ, ನೆತ್ತಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಕೊಕ್ಕಿನ ಬುಡದ ಮಾಂಸದ ತುಂಡು, ಹೆದರಿದಾಗ ಗೇಣುದ್ದ ದೂರದಿಂದಲೂ ಕಾಣದಷ್ಟು ಮೊಟಕಾಗಿರುವಂಥದ್ದು, ಗತ್ತು ಏರಿದ ಹಾಗೆ ಉದ್ದವಾಗಿ ಕೊಕ್ಕನ್ನೂ ದಾಟಿ ಕೆಳಗಿಳಿಯುತ್ತದೆ. ಇಷ್ಟೆಲ್ಲ ಆಡಂಬರ ಯಾರಿಗಾಗಿ ಎಂದು ನೋಡಿದರೆ, ಎದುರಿಗೆ ಇರುವುದು ಭಾವನ ಹಳೆಯ ಬೈಕು.

ಇನ್ನು ತಮ್ಮ ಸ್ವರ. ದೊಡ್ಡ ಸದ್ದು ಕೇಳಿದರೆ ತಮ್ಮ ಜಾತಿಯವರಿಗೆ ಉತ್ತರಿಸದೆ ಇರಲಾಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಕೋಡಿಂಬಾಳ ಸ್ಟೇಶನ್ನಿನಲ್ಲಿ ನಿಲ್ಲುವ ಗಾಡಿಗಿಂತ ಹಾರ್ನ್ ಹಾಕಿ ಹೋಗುವ ಗಾಡಿಯೇ ಹೆಚ್ಚು. 1979ರಲ್ಲಿ ಮಂಗಳೂರು–ಹಾಸನ ಮೀಟರ್ ಗೇಜ್ ಹಳಿ ಪೂರ್ತಿಯಾಯಿತು. ಆಮೇಲೆ ಅದನ್ನು ಕಿತ್ತು ಬ್ರಾಡ್‌ಗೇಜ್ ಹಾಕಿ, 2007ರ ಕೊನೆಗೆ ಪ್ರಯಾಣಿಕರ ಗಾಡಿ ಮತ್ತೆ ಓಡಿತು. ಇಷ್ಟು ವರ್ಷ ಆ ಹಾರ್ನಿಗೆ ಊರಿನಲ್ಲಿ ಯಾರೂ ಜವಾಬು ಕೊಟ್ಟದ್ದಿಲ್ಲ. ತಾವು ಕೊಡುತ್ತೀರಿ. ನಡುರಾತ್ರಿ ಘಾಟಿಯ ಕಡೆ ಹೊರಟ ಗೂಡ್ಸ್ ಗಾಡಿಗೂ ಕೊಡುತ್ತೀರಿ. ಇದು ದೂರು ಅಲ್ಲ. ಮಾಹಿತಿಗಾಗಿ ಹೇಳಿದೆ, ಅಷ್ಟೆ.

ಊರಿಗೆ ಹೊಸಬರು ಬಂದರೆ ಕುಲಗೋತ್ರ ವಿಚಾರಿಸುವುದು ನಮ್ಮ ಕ್ರಮ. ವಿಚಾರಿಸಿದೆ. ತಮ್ಮ ಮೂಲಸ್ಥಾನ ಮೆಕ್ಸಿಕೋ ಕಡೆ. ಅಲ್ಲಿಯವರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತಮ್ಮವರನ್ನು ಸಾಕುತ್ತಿದ್ದರು. 16ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ತಮ್ಮವರನ್ನು ಯುರೋಪಿಗೆ ಒಯ್ದರು. ಅಲ್ಲಿಂದ ಪರಂಗಿಗಳ ಹಡಗು ಹತ್ತಿ ಗೋವೆ ಬಂದರಿಗೆ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಮೊಗಲ್ ಅಧಿಕಾರಿ ಗೋವೆಯಿಂದ ಒಯ್ದ ಅಪರೂಪದ ವಸ್ತುಗಳಲ್ಲಿ ತಮ್ಮವರೊಬ್ಬರೂ ಇದ್ದರು. ಜಹಾಂಗೀರ್ ಬಾದಶಹ ತಲೆ ಕತ್ತಿನ ಬಣ್ಣ ಗಳಿಗೆಗೊಂದು ಥರ ಆಗುವುದನ್ನು ನೋಡಿ ಬೆರಗಾಗಿ ಅದನ್ನು ಗೋಸುಂಬೆಗೆ ಹೋಲಿಸಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಉಂಟು. ಅದರಲ್ಲಿ ತಮ್ಮವರು ಒಬ್ಬರೇ ನಿಂತಿದ್ದಾರೆ. ಹತ್ತಿರದಲ್ಲೆಲ್ಲೂ ಒಂದು ಊರ ಕೋಳಿ ಇಲ್ಲ. ಇದನ್ನು ದಯವಿಟ್ಟು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೋಡಿಂಬಾಳದಲ್ಲಿ ತಮಗೆ ಅನುಕೂಲಗಳೂ ಕಮ್ಮಿಯಿಲ್ಲ. ತುಳುನಾಡಿನಲ್ಲಿ ಕೋಳಿ ಅಂಕಕ್ಕೆ ಕುಕ್ಕುಟ ಪಂಚಾಂಗವೇ ಉಂಟು: ಬೊಳ್ಳೆ ಬಣ್ಣದ ಹುಂಜಕ್ಕೆ ಯಾವ ದಿನ ಒಳ್ಳೆಯದು, ಕೆಮ್ಮೈರೆ ಯಾವ ಗಳಿಗೆಯಲ್ಲಿ ಗೆಲ್ಲುತ್ತದೆ, ಉರಿಯೆಯ ಎದುರು ಕುಪ್ಪುಳೆಯನ್ನು ಬಿಡಬಹುದೇ, ಎಲ್ಲಕ್ಕೂ ಲೆಕ್ಕ ಉಂಟು. ತಮ್ಮ ಬಣ್ಣಕ್ಕೆ ಅದರಲ್ಲಿ ಜಾಗ ಇಲ್ಲ. ಹಾಗಾಗಿ ಕಾಲಿಗೆ ಬಾಳುಕತ್ತಿ ಕಟ್ಟುವವರಿಲ್ಲ. ಗುಳಿಗ ದೈವಕ್ಕೆ ಕೋಳಿ ಹರಕೆ ಹೇಳಿದವರುಂಟು, ಟರ್ಕಿ ಹರಕೆ ಹೇಳಿದವರನ್ನು ನಾನು ಕಂಡಿಲ್ಲ. ಕೋರಿರೊಟ್ಟಿಯ ಪಾತ್ರೆಗೂ ತಾವು ಹಿಡಿಯುವುದಿಲ್ಲ. ಡಿಸೆಂಬರ್ ಹತ್ತಿರವಾದಾಗ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ನೆಲ್ಯಾಡಿ ಕಡೆಯಿಂದ ರಬ್ಬರ್ ತೋಟದವರು ಯಾರಾದರೂ ಬೈಕಿನಲ್ಲಿ ಬಂದು ತಮ್ಮ ಆರೋಗ್ಯ ವಿಚಾರಿಸುತ್ತಾ ತೂಕದ ಅಂದಾಜು ಮಾಡುತ್ತಿದ್ದರೆ ಬಾಲ ಬಿಚ್ಚಬೇಡಿ. ಅಮೆರಿಕದಲ್ಲಿ 1989ರಿಂದ ಅಧ್ಯಕ್ಷರೇ ಪ್ರತಿವರ್ಷ ಹಬ್ಬದ ಮುಂಚೆ ತಮ್ಮವರಿಗೆ ಕ್ಷಮಾದಾನ ಕೊಡುವ ಶಾಸ್ತ್ರ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಪಂಚಾಯತ್ ಅಧ್ಯಕ್ಷರಿಗೆ ಆ ಅಧಿಕಾರ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ತಾವು ಬಂದ ವಾರ ಎಲ್ಲರೂ ಕಾದದ್ದು ಜಗಳಕ್ಕೆ. ನಮ್ಮ ಉರಿಯೆ ಹುಂಜ ಬೇಲಿ ಹಾರಿ ಬಂದು ತಮ್ಮ ಕೊಕ್ಕಿನ ಮೇಲಿನ ಜೋಲಿಗೇ ಬಾಯಿ ಹಾಕಿದ. ತಾವು ಅವನ ಮೇಲೆ ಒಂದು ಕಾಲಿಟ್ಟಿರಿ. ಅವನು ಅಷ್ಟಕ್ಕೆ ಇತಿಹಾಸ ಭೂಗೋಳ ಎರಡನ್ನೂ ಅರ್ಥ ಮಾಡಿಕೊಂಡ. ಅಲ್ಲಿಂದ ಸಂಧಾನ. ಈಗ ಬೆಳಿಗ್ಗೆ ಭಾವ ಅಡಿಕೆ ಹಾಳೆಯಲ್ಲಿ ನೆಲ್ಲು ಚೆಲ್ಲಿದರೆ ತಮ್ಮ ಸಂಸಾರ, ಭಾವನ ಕೋಳಿಗಳು, ಕರೆಯದೆ ಬಂದ ನನ್ನ ಕೋಳಿಗಳು ಎಲ್ಲವೂ ಒಂದೇ ಹಾಳೆಗೆ ಕೊಕ್ಕು ಹಾಕುತ್ತವೆ. ಮಧ್ಯಾಹ್ನ ಹಟ್ಟಿಗೊಬ್ಬರದ ರಾಶಿಯಲ್ಲಿ ಒಟ್ಟಿಗೆ ಕೆದಕುತ್ತವೆ. ಭಾವ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ತೋರಿಸುತ್ತಾರೆ: "ನೋಡಿ ಮಾರಾಯ್ರೆ, ಎಂಥ ಒಗ್ಗಟ್ಟು! ನಮಗಿಂತ ಇವೇ ವಾಸಿ."

ಹೌದು, ಒಗ್ಗಟ್ಟೇ. ನನಗೆ ಹೆದರಿಕೆ ಇರುವುದೂ ಅದರ ಬಗ್ಗೆಯೇ. ಜಗಳದಲ್ಲಿ ತಮಗೆ ಒಂದು ಗರಿ ಹೋಗುತ್ತಿತ್ತು. ಸ್ನೇಹದಲ್ಲಿ ಪಿತ್ತಜನಕಾಂಗವೇ ಹೋಗುವ ಸಂಭವ ಉಂಟು.

ಆದ್ದರಿಂದ ಈ ಪತ್ರವನ್ನು ಒಂದು ಮುಂಗಡ ನೋಟೀಸು ಎಂದು ತಿಳಿಯತಕ್ಕದ್ದು. ನಾಳೆ ತಾವು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತಾ ಮೂಲೆ ಸೇರಿದರೆ, ಅದಕ್ಕೆ ಕಾರಣ ನನ್ನ ಕೋಳಿಗಳೇ ಇರಬಹುದು. ಆದರೆ ಅವು ತಪ್ಪಿತಸ್ಥರಲ್ಲ. ಹೇಗೆಂದು ವಿವರಿಸುತ್ತೇನೆ, ಊಟ ಮುಗಿಸಿ ಓದುವುದು ಒಳ್ಳೆಯದು.

ಕೋಳಿಗೆ ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳಿರುತ್ತವೆ. ಅಲ್ಲಿ ಬಿಳಿ ದಾರದ ತುಂಡಿನಂಥ ಸಣ್ಣ ಹುಳು, ಹೆಟೆರಾಕಿಸ್ ಎಂದು ಹೆಸರು, ಸಂಸಾರ ಮಾಡಿಕೊಂಡಿರುತ್ತದೆ. ಬಯಲಲ್ಲಿ ಮೇಯುವ ಊರ ಕೋಳಿಗಳಲ್ಲಿ ಅದು ತೀರ ಸಾಮಾನ್ಯ, ಕೋಳಿಗೆ ಅದರ ಪರಿವೆಯೇ ಇರುವುದಿಲ್ಲ. ಆ ಹುಳುವಿನೊಳಗೆ ಇನ್ನೊಬ್ಬ ಬಾಡಿಗೆದಾರ: ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ. ಇದು ಬಯಲಿಗೆ ಬಿದ್ದರೆ ಕೆಲವೇ ಗಂಟೆಯಲ್ಲಿ ಸಾಯುವಷ್ಟು ಬಡಪಾಯಿ. ಆದರೆ ಹುಳುವಿನ ಮೊಟ್ಟೆಯೊಳಗೆ ಸೇರಿಕೊಂಡಿತೋ, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಕೂರುತ್ತದೆ. ಕೋಳಿಯ ಹಿಕ್ಕೆಯ ಜೊತೆ ಮೊಟ್ಟೆ ಅಂಗಳಕ್ಕೆ ಬರುತ್ತದೆ. ಅದನ್ನು ತಾವು ನೇರವಾಗಿ ಕುಕ್ಕಬಹುದು. ಅಥವಾ ಎರೆಹುಳ ಅದನ್ನು ನುಂಗಿ, ಅದರ ಮೈಯಲ್ಲಿ ಅಂಥ ಮರಿಹುಳುಗಳು ಒಟ್ಟಾಗಿ, ಆ ಎರೆಹುಳವನ್ನು ತಾವು ಖುಷಿಯಿಂದ ನುಂಗಬಹುದು.

ಅಲ್ಲಿಂದ ಮುಂದೆ ಅದು ಕೋಳಿಗೆ ಮಾಡದ್ದನ್ನು ತಮಗೆ ಮಾಡುತ್ತದೆ. ಕುರುಡು ಕರುಳಿನ ಗೋಡೆ ಕೊರೆದು, ರಕ್ತದ ದಾರಿ ಹಿಡಿದು ಪಿತ್ತಜನಕಾಂಗ ಸೇರುತ್ತದೆ. ಒಂದೆರಡು ವಾರದೊಳಗೆ ಕಾಯಿಲೆ ಕಾಣಿಸುತ್ತದೆ. ಸತ್ತ ಹಕ್ಕಿಯನ್ನು ಸೀಳಿ ನೋಡಿದರೆ ಪಿತ್ತಜನಕಾಂಗದ ಮೇಲೆ ದುಂಡು ದುಂಡಾದ, ನಡುವೆ ತಗ್ಗಿದ ಹಳದಿ ಕಲೆಗಳು. ಕೋಳಿಯಲ್ಲಿ ಹೆಚ್ಚಾಗಿ ಸುಳಿವೇ ಸಿಗದೆ ಹೋಗುವ ಈ ರೋಗ ಟರ್ಕಿಯ ಹಿಂಡಿಗೆ ಹೊಕ್ಕರೆ ನೂರಕ್ಕೆ ಎಂಬತ್ತು ತೊಂಬತ್ತು ಹಕ್ಕಿಗಳು ಹೋಗುವುದುಂಟು. ಅದಕ್ಕೆ ಬ್ಲ್ಯಾಕ್‌ಹೆಡ್ ಎಂದು ಹೆಸರಿಟ್ಟಿದ್ದಾರೆ. ಎಲ್ಲರ ತಲೆ ಕಪ್ಪಾಗುವುದಿಲ್ಲ, ಹಾಗಾಗಿ ತಲೆ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ತಮ್ಮ ವಿಷಯದಲ್ಲಂತೂ, ಗಳಿಗೆಗೊಂದು ಬಣ್ಣ ತಾಳುವ ಆ ತಲೆಯಲ್ಲಿ ಯಾವುದು ಕಾಯಿಲೆಯ ಬಣ್ಣ ಯಾವುದು ಗತ್ತಿನ ಬಣ್ಣ ಎಂದು ಭಾವನಿಗೆ ತಿಳಿಯುವಾಗ ಹೊತ್ತು ಮೀರಿರುತ್ತದೆ.

ಇದೇನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. 1890ರ ದಶಕದಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ತಮ್ಮವರು ಸಾಲುಸಾಲಾಗಿ ಸತ್ತಾಗ ಥಿಯೊಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿ 1895ರಲ್ಲಿ ಈ ಜೀವಿಯನ್ನು ಗುರುತಿಸಿದರು. ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆ ಎಂದು ತೋರಿಸಿಕೊಟ್ಟವರೂ ಇವರೇ. ಅಂದರೆ ರೋಗವನ್ನು ಹೊತ್ತು ತರುವ ಮಧ್ಯವರ್ತಿಗಳನ್ನು ಹಿಡಿಯುವುದರಲ್ಲಿ ಪಳಗಿದ ಮನುಷ್ಯ. ಹಾಗಿದ್ದೂ ಈ ಹುಳುವಿನ ಮೊಟ್ಟೆಯ ಪಾತ್ರ ಗಟ್ಟಿಯಾಗಿ ಗೊತ್ತಾಗಲು 1920 ಬರಬೇಕಾಯಿತು; ಗ್ರೇಬಿಲ್ ಎಂಬವರ ಜೊತೆ ಸೇರಿ ಸ್ಮಿತ್ ಅವರೇ ಅದನ್ನೂ ತೋರಿಸಿದರು. ಅಷ್ಟು ದೊಡ್ಡವರಿಗೆ ಕಾಲು ಶತಮಾನ ಹಿಡಿದ ವಿಷಯವನ್ನು ಭಾವ ಒಂದು ಸಂಜೆಯಲ್ಲಿ ಒಪ್ಪಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಆದರೆ ನಮ್ಮ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅಡಿಕೆ ತೋಟದ ನೆಲಕ್ಕೆ ಬೇಸಗೆಯಲ್ಲೂ ಬಿಸಿಲು ನೆಟ್ಟಗೆ ಬೀಳುವುದಿಲ್ಲ. ಮೇಲೆ ಸೋಗೆ, ಕೆಳಗೆ ಸೊಪ್ಪಿನ ಮುಚ್ಚಿಗೆ, ನಡುವೆ ನೀರು ಬಿಡುವ ಪೈಪು. ಆ ಹುಳುವಿನ ಮೊಟ್ಟೆಗೆ ಬೇಕಾದದ್ದು ತಂಪು, ನೆರಳು, ತೇವ. ಕೋಡಿಂಬಾಳದಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಎರೆಹುಳದ ಕತೆ ಕೇಳುವುದೇ ಬೇಡ. ಅದು ರೈತನ ಮಿತ್ರ ಎಂದು ಶಾಲೆಯಲ್ಲಿ ಓದಿದೆವು, ಕೃಷಿ ಮೇಳದಲ್ಲಿ ಕೇಳಿದೆವು, ಎರೆಗೊಬ್ಬರದ ತೊಟ್ಟಿ ಕಟ್ಟಿಸಿದೆವು. ಭಾವನ ತೊಟ್ಟಿಯಂತೂ ಹೋಬಳಿಗೇ ಮಾದರಿ. ಆ ತೊಟ್ಟಿಯ ಅಂಚಿನಲ್ಲಿ ತಾವು ಕೂತು ಒಂದೊಂದೇ ಮಿತ್ರನನ್ನು ಎಳೆದು ನುಂಗುವುದನ್ನು ನಾನೇ ನೋಡಿದ್ದೇನೆ. ಭಾವನಿಗೆ ಅದರಿಂದ ಗೊಬ್ಬರಕ್ಕೆ ನಷ್ಟ ಎಂಬ ಚಿಂತೆ ಮಾತ್ರ.

ಮದ್ದು ಇಲ್ಲವೇ ಎಂದು ಕೇಳುತ್ತೀರಿ. ಇದ್ದವು. ಯುರೋಪಿನಲ್ಲಿ ಡೈಮೆಟ್ರಿಡಝೋಲ್ ಎಂಬುದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದ ಹಾಗೆ ನಿಷೇಧಿಸಿದರು. ಅಮೆರಿಕದಲ್ಲಿ ಕೊನೆಗೆ ಉಳಿದಿದ್ದ ನೈಟಾರ್ಸೋನ್ ಎಂಬುದರಲ್ಲಿ ಆರ್ಸೆನಿಕ್ ಇತ್ತು. 2015ರಲ್ಲಿ ಅದನ್ನೂ ಮಾರುಕಟ್ಟೆಯಿಂದ ತೆಗೆದರು. ಭಾವ ಮನೆಯಲ್ಲಿ ಇಟ್ಟುಕೊಂಡಿರುವ ಹುಳದ ಮದ್ದು ಆ ದಾರದ ಹುಳುವನ್ನು ಕಮ್ಮಿ ಮಾಡೀತು. ಅದರಿಂದ ಮುಂದಕ್ಕೆ ಪ್ರಯೋಜನವೂ ಉಂಟು. ಆದರೆ ಪಿತ್ತಜನಕಾಂಗ ಸೇರಿದ ಜೀವಿಗೆ ಅದು ಲೆಕ್ಕಕ್ಕಿಲ್ಲ. ಮೆಡಿಕಲ್‌ನಿಂದ ತಂದ ಕೆಂಪು ಹಳದಿ ಕ್ಯಾಪ್ಸೂಲಿನ ಆ್ಯಂಟಿಬಯೋಟಿಕ್ಕೂ ಅದಕ್ಕೆ ನಾಟುವುದಿಲ್ಲ.

ಇಲ್ಲಿ ಭಾವನ ಪಕ್ಷದ ವಾದವನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯವಲ್ಲ. "ನಮ್ಮ ತಂಗಿಯ ಗಂಡನ ಮನೆಯಲ್ಲಿ ಎಷ್ಟೋ ವರ್ಷದಿಂದ ಟರ್ಕಿ ಕೋಳಿ ಒಟ್ಟಿಗೇ ಉಂಟು, ಎಂತದೂ ಆಗಲಿಲ್ಲ" ಎನ್ನುತ್ತಾರೆ. ಸುಳ್ಳಲ್ಲ. ಅಂಥ ಮನೆಗಳು ಬೇಕಾದಷ್ಟಿವೆ. ಆ ಮನೆಯ ಕೋಳಿಗಳಲ್ಲಿ ಹುಳು ಕಮ್ಮಿ ಇರಬಹುದು, ಹುಳು ಇದ್ದರೂ ಅದರೊಳಗೆ ಬಾಡಿಗೆದಾರ ಇಲ್ಲದಿರಬಹುದು, ನೆಲ ಒಣಕಲಾಗಿ ಮರಳು ಮಿಶ್ರವಾಗಿರಬಹುದು, ಬಂದ ಟರ್ಕಿಗಳು ಬಲಿತವಾಗಿರಬಹುದು. ಬಲಿತವುಗಳಿಗಿಂತ ಎಳೆಯವುಗಳಿಗೇ ಇದರ ಪೆಟ್ಟು ಜಾಸ್ತಿ. ತಂಗಿಯ ಗಂಡನ ಮನೆಯ ಅದೃಷ್ಟವನ್ನು ರಿಕ್ಷಾದಲ್ಲಿ ಹಾಕಿ ತರಲು ಆಗುವುದಿಲ್ಲವಲ್ಲ. ಅಲ್ಲದೆ ನಮ್ಮ ಕಡೆ ಟರ್ಕಿ ಸತ್ತರೆ ಸೀಳಿ ನೋಡಿಸುವವರು ಯಾರು? ತೆಂಗಿನ ಬುಡಕ್ಕೆ ಹಾಕಿ "ಶೀತ ಆಗಿತ್ತು, ಹೋಯಿತು" ಎನ್ನುತ್ತಾರೆ. ಎಷ್ಟೋ ಮನೆಯ "ಎಂತದೂ ಆಗಲಿಲ್ಲ" ಎನ್ನುವ ಲೆಕ್ಕ ತೆಂಗಿನ ಬುಡದಲ್ಲಿ ಕೊಳೆಯುತ್ತಾ ಉಂಟು.

ಶೀತ ಎಂದಾಗ ನೆನಪಾಯಿತು. ನನ್ನ ಕೋಳಿಗಳಿಗೆ ಮಳೆಗಾಲದಲ್ಲಿ ಮೂಗು ಸೊರಗುಟ್ಟುವುದು ಮಾಮೂಲು. ಅದು ಮೈಕೊಪ್ಲಾಸ್ಮಾ ಎಂಬುದಾಗಿದ್ದರೆ, ಕೋಳಿ ನಾಲ್ಕು ದಿನ ಸೀನಿ ಸುಧಾರಿಸಿಕೊಂಡೀತು. ಒಂದೇ ನೀರಿನ ಪಾತ್ರೆಗೆ ಬಾಯಿ ಹಾಕಿದ ತಮಗೆ ಕಣ್ಣಿನ ಕೆಳಗೆ ಲಿಂಬೆಯಷ್ಟು ಬಾವು ಬಂದು ಕಣ್ಣೇ ಮುಚ್ಚಿ ಹೋದೀತು. ಕೊಕ್ಕರೆ ರೋಗ, ಸಿಡುಬು ಎರಡೂ ತಮಗೂ ಬರುತ್ತವೆ, ಕೋಳಿಗಳಿಗೂ ಬರುತ್ತವೆ. ಅವಕ್ಕೆ ಲಸಿಕೆ ಉಂಟು, ಭಾವ ಹಾಕಿಸಿಯೂ ಇದ್ದಾರೆ. ಈ ಒಂದು ವಿಷಯದಲ್ಲಿ ಅವರನ್ನು ಹೊಗಳದೆ ಇರಲಾರೆ.

ಇನ್ನು ಆಹಾರ. ಪೇಟೆಯಿಂದ ಭಾವ ಬ್ರಾಯ್ಲರ್ ಫೀಡಿನ ಚೀಲ ತಂದು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸುತ್ತಾರೆ. ಪಂಕ್ತಿಭೇದ ಮಾಡದ ದೊಡ್ಡ ಮನಸ್ಸು. ಆದರೆ ಬ್ರಾಯ್ಲರ್ ಫೀಡಿಗೆ ರಕ್ತಭೇದಿ ಬಾರದ ಹಾಗೆ ಮದ್ದು ಬೆರೆಸುವುದುಂಟು. ಅವುಗಳಲ್ಲಿ ಸಲಿನೋಮೈಸಿನ್, ನರಾಸಿನ್ ಎಂಬವು ಕೋಳಿಗೆ ರಕ್ಷಣೆ, ಟರ್ಕಿಗೆ ನೇರ ವಿಷ. ಕಾಲಿನ ಬಲ ಹೋಗುತ್ತದೆ, ಉಸಿರು ಕಟ್ಟುತ್ತದೆ. ಚೀಲದ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಓದುವ ಹೊತ್ತಿಗೆ ಭಾವ ಆ ಚೀಲದಲ್ಲಿ ಅಡಿಕೆ ತುಂಬಿರುತ್ತಾರೆ. ಮದ್ದಿಲ್ಲದ ಫೀಡ್ ತಂದರೂ ತಮ್ಮ ಮರಿಗಳಿಗೆ ಅದು ಸಾಲದು. ಬ್ರಾಯ್ಲರ್ ಮರಿಗೆ ಶೇಕಡಾ 22ರ ಸುಮಾರು ಪ್ರೊಟೀನ್ ಸಾಕಾದರೆ ಟರ್ಕಿ ಮರಿಗೆ ಮೊದಲ ವಾರಗಳಲ್ಲಿ 28ರ ಹತ್ತಿರ ಬೇಕು.

ನನ್ನ ಕಡೆಯಿಂದಲೂ ಒಂದು ದೂರು ಉಂಟು, ಇದನ್ನು ಸಂಕೋಚದಿಂದಲೇ ಹೇಳುತ್ತೇನೆ. ತಮಗೆ ಇಬ್ಬರು ಪತ್ನಿಯರಿದ್ದಾರೆ. ಅವರಿಬ್ಬರೂ ಕಾವಿಗೆ ಕೂತಾಗ ತಮ್ಮ ಕಣ್ಣು ನನ್ನ ಎಳೆ ಹೇಂಟೆಗಳ ಮೇಲೆ ಬೀಳುತ್ತಿದೆ. ತಮ್ಮ ತೂಕ ಏಳೆಂಟು ಕಿಲೋ. ಅವುಗಳದ್ದು ಒಂದೂಕಾಲು, ಒಂದೂವರೆ. ಪ್ರೀತಿಗೆ ತೂಕವಿಲ್ಲ ಎಂದು ಸಿನಿಮಾದವರು ಹೇಳಿಯಾರು. ನನ್ನ ಹೇಂಟೆಯ ಬೆನ್ನುಮೂಳೆಯ ಅಭಿಪ್ರಾಯ ಬೇರೆ.

ಇಷ್ಟು ಹೇಳಿದ ಮೇಲೆ ಈ ಪತ್ರ ಬರೆಯಲು ನಿಜವಾದ ಕಾರಣವನ್ನೂ ಹೇಳಿಬಿಡುತ್ತೇನೆ. ತಮ್ಮ ಹಿರಿಯ ಪತ್ನಿ ಇಟ್ಟ ಮೊಟ್ಟೆಗಳಲ್ಲಿ ಏಳೆಂಟನ್ನು ಭಾವ ನನ್ನ ಕರಿ ಹೇಂಟೆಯ ಅಡಿಯಲ್ಲಿ ಇಟ್ಟಿದ್ದಾರೆ. ಆಚೆಮನೆಯ ಅಕ್ಕ ಬಂದು "ನಿಮ್ಮ ಕರಿಯಳು ಕಾವಿಗೆ ಒಳ್ಳೆಯವಳು, ಒಂದು ಸಲಕ್ಕೆ ಕೊಡಿ" ಎಂದು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ನೆರೆಕರೆ ಬೇಕಲ್ಲ. ಕರಿಯಳು ಈಗ ಭಾವನ ಹಿತ್ತಿಲ ಕೋಣೆಯಲ್ಲಿ, ಬೈಹುಲ್ಲು ಹಾಸಿದ ಮಂಕರಿಯೊಳಗೆ, ಕಂದು ಚುಕ್ಕೆಯ ದೊಡ್ಡ ಮೊಟ್ಟೆಗಳ ಮೇಲೆ ರೆಕ್ಕೆ ಅಗಲಿಸಿ ಕೂತಿದ್ದಾಳೆ. ರೆಕ್ಕೆ ಸಾಲದೆ ಒಂದು ಮೊಟ್ಟೆ ಯಾವಾಗಲೂ ಹೊರಗೆ ಇಣುಕುತ್ತದೆ, ಅವಳು ಕೊಕ್ಕಿನಿಂದ ಅದನ್ನು ಒಳಗೆ ಎಳೆದರೆ ಆಚೆಯಿಂದ ಇನ್ನೊಂದು. ಕೋಳಿಯ ಲೆಕ್ಕ 21 ದಿನ, ತಮ್ಮ ಲೆಕ್ಕ 28. ಇಪ್ಪತ್ತೊಂದಾದ ಮೇಲೂ ಏನೂ ಒಡೆಯದಿದ್ದರೆ ಕೆಲವು ಹೇಂಟೆ ಎದ್ದು ಹೋಗುತ್ತವೆ. ಕರಿಯಳು ಹೋಗುವವಳಲ್ಲ. ನನಗೆ ಅದೇ ಚಿಂತೆ.

ಯಾಕೆಂದರೆ ತಮ್ಮ ಮರಿಗಳಷ್ಟು ಹೆಡ್ಡು ಮರಿಗಳು ಪಕ್ಷಿಲೋಕದಲ್ಲಿ ಕಮ್ಮಿ. ಎದುರಿಗೆ ಆಹಾರ ಇದ್ದರೂ ತಿನ್ನಬೇಕು ಎಂದು ಹೊಳೆಯದೆ ಹಸಿದು ಸಾಯುವುದುಂಟು. ಹಾಗಾಗಬಾರದೆಂದು ಸಾಕುವವರು ಪಡುವ ಪಾಡು ಕೇಳಿದರೆ ನಗು ಬರುತ್ತದೆ. ಆಹಾರದ ತಟ್ಟೆಯಲ್ಲಿ ಬಣ್ಣದ ಗೋಲಿ ಹಾಕುತ್ತಾರೆ, ಮರಿ ಗೋಲಿಯನ್ನು ಕುಕ್ಕಲು ಹೋಗಿ ತಪ್ಪಿ ಆಹಾರ ತಿನ್ನಲಿ ಎಂದು. ಹಸಿರು ಕಂಡರೆ ಬರುತ್ತವೆ ಎಂದು ಸೊಪ್ಪು ಕೊಚ್ಚಿ ಉದುರಿಸುತ್ತಾರೆ. ಮೊದಲ ಹದಿನೈದು ದಿನ ನೀರಿಗೆ ಹಾಲು ಬೆರೆಸಿ, ಮೊಟ್ಟೆ ಬೇಯಿಸಿ ಪುಡಿ ಮಾಡಿ ಬಾಯಿಗಿಡುತ್ತಾರೆ. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ನಾಲ್ಕೈದು ಟರ್ಕಿ ಮರಿಗೆ ಒಂದು ಕೋಳಿ ಮರಿಯನ್ನು ಮೇಷ್ಟ್ರಾಗಿ ಬಿಡುವುದು. ಅದು ಕುಕ್ಕಿದ್ದನ್ನು ನೋಡಿ ಇವೂ ಕುಕ್ಕುತ್ತವೆ. ಅದಕ್ಕಿಂತಲೂ ಒಳ್ಳೆಯದು ಕೋಳಿಯೇ ತಾಯಿಯಾಗಿ "ಕುಕ್ ಕುಕ್" ಎಂದು ಕರೆದು, ಹುಳು ಹೆಕ್ಕಿ ಎದುರಿಗೆ ಹಾಕುವುದು.

ಅಂದರೆ ನೋಡಿ. ಕೋಳಿ ಇಲ್ಲದಿದ್ದರೆ ತಮ್ಮ ಮರಿ ಹಸಿವಿನಿಂದ ಸಾಯುತ್ತದೆ, ಕೋಳಿ ಇದ್ದರೆ ಅದು ಹೆಕ್ಕಿಕೊಟ್ಟ ಎರೆಹುಳದಿಂದ ಸಾಯಬಹುದು. ನನ್ನ ಕರಿಯಳಿಗೆ ತಿಳಿದಿರುವುದು ಒಂದೇ ವಿದ್ಯೆ. ಮರಿ ಒಡೆದ ಎರಡನೆಯ ದಿನ ಅವಳು ಅವುಗಳನ್ನೆಲ್ಲ ಕರೆದುಕೊಂಡು ಗೊಬ್ಬರದ ತೊಟ್ಟಿಯ ಕಡೆಗೇ ಹೊರಡುತ್ತಾಳೆ. ಅಲ್ಲಿ ಕಾಲಿನಿಂದ ಎರಡು ಸಲ ಕೆದಕಿ, ಒಂದು ಹೆಜ್ಜೆ ಹಿಂದೆ ಸರಿದು, ಸಿಕ್ಕಿದ್ದನ್ನು ತಾನು ತಿನ್ನದೆ ಮರಿಯ ಎದುರಿಗಿಡುತ್ತಾಳೆ. ಆ ತಾಯ್ತನಕ್ಕೆ ಅವಳನ್ನು ಹೊಗಳಿ ಯಾರಾದರೂ ಪದ್ಯ ಬರೆದಾರು. ಪಶುವೈದ್ಯರು ಅದನ್ನೇ ಬೇರೆ ಥರ ಬರೆಯುತ್ತಾರೆ.

ಒಮ್ಮೆ ಒಂದು ಮರಿಗೆ ಅಂಟಿದರೆ ಮತ್ತೆ ಹುಳುವಿನ ಹಂಗೂ ಬೇಕಿಲ್ಲ. ಗುಂಪಾಗಿ ಒತ್ತಿಕೊಂಡಿರುವ ಟರ್ಕಿಗಳಲ್ಲಿ ಹಸಿ ಹಿಕ್ಕೆ ತಾಗಿಯೇ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋಗಿ ಬಲ್ಬಿನ ಬಿಸಿ ಇಲ್ಲದಾಗ ಅವು ಒಂದರ ಮೇಲೊಂದು ಬಿದ್ದುಕೊಂಡೇ ಇರುತ್ತವೆ.

ಹಾಗಾದರೆ ಟರ್ಕಿ ಸಾಕುವವರು ಏನು ಮಾಡುತ್ತಾರೆ? ಬೇರೆ ಇಡುತ್ತಾರೆ, ಅಷ್ಟೆ. ಕೊಲ್ಲಂನ ಕುರೀಪುಳದಲ್ಲಿ ಕೇರಳ ಸರಕಾರದ ಟರ್ಕಿ ಫಾರ್ಮೇ ಉಂಟು. ಉತ್ತರಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಕಾರಿ ವಿರಾಟ್ ಎಂಬ ತಳಿಯನ್ನೇ ಮಾಡಿದ್ದಾರೆ. ಎಲ್ಲಿ ಕೇಳಿದರೂ ಮೊದಲ ಪಾಠ ಒಂದೇ: ಕೋಳಿ ಇದ್ದ ನೆಲದಲ್ಲಿ ಟರ್ಕಿ ಬೇಡ, ಕೋಳಿ ಗೂಡಿಗೆ ಹೋದ ಚಪ್ಪಲಿಯಲ್ಲಿ ಟರ್ಕಿ ಗೂಡಿಗೆ ಹೋಗುವುದು ಬೇಡ. ಕೋಳಿ ತೆಗೆದ ಮೇಲೂ ಆ ನೆಲವನ್ನು ಕೆಲವು ವರ್ಷ ನಂಬುವಂತಿಲ್ಲ. ಭಾವನ ಅಂಗಳದಲ್ಲಿ ಅವರ ಅಜ್ಜನ ಕಾಲದಿಂದಲೂ ಕೋಳಿ ಮೇಯುತ್ತಿದೆ ಎಂಬುದನ್ನು ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ಬೇರೆ ಇಡುವುದು ಎಂದರೆ ನಮ್ಮಲ್ಲಿ ಕಷ್ಟ ಎಂದು ಭಾವ ಹೇಳುತ್ತಾರೆ, ಅದು ಸರಿಯೇ. ಮನೆ, ಅಂಗಳ, ಹಟ್ಟಿ, ತೋಟ, ಹಳ್ಳ ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ಇರುವ ಜಾಗ ನಮ್ಮದು. ಬೇಲಿ ಎಂದರೆ ನಾಲ್ಕು ದಾಸವಾಳದ ಗಿಡ. ಆದರೆ ಒಂದು ಉಪಾಯ ನನಗೆ ಹೊಳೆದಿದೆ. ಭಾವನ ತಾರಸಿಯಲ್ಲಿ ಅಡಿಕೆ ಒಣಗಿಸಲು ಕಬ್ಬಿಣದ ಪೈಪು ನಿಲ್ಲಿಸಿ ಪ್ಲಾಸ್ಟಿಕ್ ಶೀಟು ಹೊದಿಸಿದ ಜಾಗ ಉಂಟಲ್ಲ, ಅದರ ಒಂದು ಬದಿ ಮಳೆಗಾಲದಲ್ಲಿ ಖಾಲಿ. ಅಲ್ಲಿ ನೆಲದಿಂದ ಎರಡಡಿ ಎತ್ತರಕ್ಕೆ ತಂತಿಬಲೆಯ ತಳ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಎರೆಹುಳ ಮೇಲೆ ಹತ್ತುವುದಿಲ್ಲ, ಕೋಳಿಯೂ ಬರುವುದಿಲ್ಲ. ಕೀರಿ, ಹೆಬ್ಬಾವಿನ ಕಾಟವೂ ಅಲ್ಲಿ ಕಮ್ಮಿ. ತಮ್ಮ ಗತ್ತಿಗೂ ತಾರಸಿಯೇ ತಕ್ಕ ಜಾಗ. ಅಲ್ಲಿಂದ ಸ್ಟೇಶನ್ ಚೆನ್ನಾಗಿ ಕೇಳಿಸುತ್ತದೆ ಕೂಡ, ಆ ಸಂಗತಿಯನ್ನು ನಾನು ತುಸು ವಿಷಾದದಿಂದಲೇ ಬರೆಯುತ್ತಿದ್ದೇನೆ.

ತಂತಿಬಲೆಯ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ. ಉದಾರತನ ಎಂದು ತಿಳಿಯಬೇಡಿ. ತಾವು ಸತ್ತರೆ ಅಕ್ಕ ನನ್ನ ಕೋಳಿಗಳನ್ನು ನೋಡುವ ನೋಟ ನನಗೆ ಗೊತ್ತು.

ಮೊಟ್ಟೆಗಳ ವಿಷಯದಲ್ಲಿ ಮಾತ್ರ ತಡ ಮಾಡುವಂತಿಲ್ಲ. ಮರಿ ಒಡೆದ ದಿನವೇ ಅವುಗಳನ್ನು ಕರಿಯಳ ಅಡಿಯಿಂದ ತೆಗೆದು, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನಡಿಯಲ್ಲಿಟ್ಟು ನೇರ ತಾರಸಿಗೆ ಏರಿಸಬೇಕೆಂದು ಭಾವನಿಗೆ ತಿಳಿಸುವುದು. ಬಣ್ಣದ ಗೋಲಿಗಳು ನನ್ನ ಮಗನ ಡಬ್ಬಿಯಲ್ಲಿ ಬೇಕಾದಷ್ಟಿವೆ, ಕಳಿಸಿಕೊಡುತ್ತೇನೆ. ಕರಿಯಳು ಒಂದೆರಡು ದಿನ ಕೂಗುತ್ತಾ ಹುಡುಕಾಡುತ್ತಾಳೆ. ಅಕ್ಕನಿಗೆ ಅದನ್ನು ನೋಡಿ ಕನಿಕರ ಹುಟ್ಟಿ ಮರಿಗಳನ್ನು ವಾಪಸು ಕೆಳಗಿಳಿಸುವ ಅಪಾಯ ಇರುವುದರಿಂದ, ಕರಿಯಳನ್ನು ಅದೇ ದಿನ ಸಂಜೆಯೊಳಗೆ ಈಚೆಮನೆಗೆ ತಲುಪಿಸತಕ್ಕದ್ದು. ಅವಳು ಕಾವಿಗೆ ಕೂತ ಅವಧಿಯಲ್ಲಿ ಇಡಬೇಕಾಗಿದ್ದ ಮೊಟ್ಟೆಗಳ ಲೆಕ್ಕವನ್ನು ನಾನು ಕೇಳುವುದಿಲ್ಲ. ಮಂಕರಿ ಮಾತ್ರ ನಮ್ಮದು, ಅದನ್ನೂ ಜೊತೆಗೆ ಕಳಿಸುವುದು.

ಇತಿ,
ನಿಮ್ಮ ಹಿತೈಷಿ,
ಈಚೆಮನೆಯವನು